ಮೀನಿನ ತೊಟ್ಟಿಗೆ ಬಂದ ಬಸವನಹುಳು: ವಿಷ ಹಾಕುವ ಮುನ್ನ ಯೋಚಿಸಿ



ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ತಾಯಿಯೊಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಮಕ್ಕಳ ಹಟಕ್ಕೆ ಮನೆಯಲ್ಲಿ ಗಾಜಿನ ಮೀನಿನ ತೊಟ್ಟಿ ಇಟ್ಟಿದ್ದಾರೆ. ಆರು ತಿಂಗಳ ಹಿಂದೆ ಅದರಲ್ಲಿ ಒಂದೋ ಎರಡೋ ಸಣ್ಣ ಬಸವನಹುಳು ಕಂಡವಂತೆ. ಈಗ ಗಾಜಿನ ತುಂಬ ಅವೇ. "ಚೀನಿ ಗಿಡಗಳಿಗೆ ಬೋರ್ಡೋ ದ್ರಾವಣ ಮಾಡಿ ಉಳಿದ ಮೈಲುತುತ್ತ ಮನೆಯಲ್ಲಿದೆ. ಒಂದು ಚಿಟಿಕೆ ಹಾಕಿದರೆ ಸಾಯುತ್ತವೆ ಅಂತ ಮನೆಯವರು ಹೇಳ್ತಾರೆ. ಹಾಕಬಹುದೇ?" ಎಂಬುದು ಅವರ ಪ್ರಶ್ನೆ. ಹಾಕಬೇಡಿರೆಂದು ಆಗಲೇ ಹೇಳಿದೆವು. ಕಾರಣವನ್ನು ಎಲ್ಲರೂ ತಿಳಿಯಲೆಂದು ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ವಿಷಯ ಚಿಕ್ಕದೆಂದು ಕಂಡರೂ ಕೊನೆಗೆ ಇದು ನಮ್ಮ ಕುರಿಹಟ್ಟಿಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಇವು ಎಲ್ಲಿಂದ ಬಂದವು?

ಬಸವನಹುಳು ತಾನಾಗಿ ಹುಟ್ಟುವುದಿಲ್ಲ. ಅಂಗಡಿಯಿಂದಲೋ ಕೆರೆಯಿಂದಲೋ ತಂದ ನೀರುಗಿಡದ ಎಲೆಯಡಿಯಲ್ಲಿ, ಲೋಳೆಯಂಥ ಸಣ್ಣ ಗಂಟಿನಲ್ಲಿ ಅದರ ಮೊಟ್ಟೆಗಳಿರುತ್ತವೆ. ಅವು ಬಣ್ಣವಿಲ್ಲದವು, ಕಣ್ಣಿಗೆ ಬೀಳುವುದೇ ಕಷ್ಟ. ಒಂದೆರಡು ವಾರಗಳಲ್ಲಿ ಅದರಿಂದ ಮರಿಗಳು ಹೊರಬರುತ್ತವೆ. ಈ ಜಾತಿಗಳಲ್ಲಿ ಬಹುಪಾಲಿನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಎರಡೂ ಅಂಗಗಳು ಒಂದೇ ದೇಹದಲ್ಲಿರುವುದರಿಂದ ಒಂದೇ ಹುಳುವಿನಿಂದಲೂ ಸಂತಾನ ಬೆಳೆಯಬಲ್ಲದು.

ನಮ್ಮ ಕಡೆ ಸಾಮಾನ್ಯವಾಗಿ ಕಾಣುವವು ನಾಲ್ಕು ಬಗೆ. ಚಿಪ್ಪಿನ ತುದಿ ಮೇಲೆ, ಬಾಯಿ ನಮ್ಮ ಕಡೆ ಇರುವಂತೆ ಹಿಡಿದು ನೋಡಿ. ಬಾಯಿ ಎಡಕ್ಕಿದ್ದರೆ ಅದು ಫೈಸಾ. ಉತ್ತರ ಅಮೆರಿಕದ ಮೂಲದ್ದಾದರೂ ಇಂದು ಲೋಕದ ಎಲ್ಲೆಡೆ ಹರಡಿದೆ. ಬಾಯಿ ಬಲಕ್ಕಿದ್ದು ಅಗಲವಾಗಿದ್ದರೆ ಲಿಮ್ನಿಯಾ. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡಿದ್ದರೆ ಇಂಡೋಪ್ಲಾನಾರ್ಬಿಸ್. ಉದ್ದನೆಯ ಚೂಪು ಶಂಖದಂತಿದ್ದು ಹಗಲೆಲ್ಲ ಮರಳಿನೊಳಗೆ ಅಡಗಿದ್ದರೆ ಮೆಲನಾಯಿಡಿಸ್. ಈ ಕೊನೆಯದು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಆದರೆ ಲಿಮ್ನಿಯಾ ಮತ್ತು ಚಕ್ಕುಲಿ ಹುಳು, ಈ ಎರಡನ್ನು ಗುರುತಿಟ್ಟುಕೊಳ್ಳಿ. ಮುಂದೆ ಇವುಗಳ ಮಾತು ಬರುತ್ತದೆ.

ಹೆಚ್ಚಲು ಕಾರಣ ನಾವೇ

ತೊಟ್ಟಿಯಲ್ಲಿ ನಾಲ್ಕು ಹುಳುಗಳಿದ್ದರೆ ಕೆಡುಕೇನೂ ಇಲ್ಲ. ಅವು ಪಾಚಿಯನ್ನೂ ಕೊಳೆತ ಎಲೆಯನ್ನೂ ತಿಂದು ತೊಟ್ಟಿಯನ್ನು ಚೊಕ್ಕಟ ಮಾಡುತ್ತವೆ. ನಾಲ್ಕು ನಾನೂರಾದವು ಎಂದರೆ ತಳದಲ್ಲಿ ಮಿಕ್ಕ ಆಹಾರ ಬಹಳ ಇದೆ ಎಂದರ್ಥ. ಮಕ್ಕಳು ಪ್ರೀತಿಯಿಂದ ದಿನಕ್ಕೆ ನಾಲ್ಕು ಸಲ ಆಹಾರ ಉದುರಿಸುತ್ತಾರೆ. ಮೀನು ತಿಂದು ಬಿಟ್ಟದ್ದನ್ನು ಹುಳು ತಿನ್ನುತ್ತದೆ. ಇದರ ಜೊತೆಗೆ ನಮ್ಮ ಬೋರ್‌ವೆಲ್ ನೀರು ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶದಿಂದ ಹುಳುವಿನ ಚಿಪ್ಪು ಚೆನ್ನಾಗಿ ಬಲಿಯುತ್ತದೆ. ಆದ್ದರಿಂದ ಹುಳುವನ್ನು ಶತ್ರುವೆನ್ನುವ ಬದಲು, ತೊಟ್ಟಿ ಕೊಳೆಯಾಗಿದೆ ಎಂದು ಹೇಳಲು ಬಂದ ಸಾಕ್ಷಿಯೆಂದು ತಿಳಿಯುವುದು ಮೇಲು.

ಮೈಲುತುತ್ತ ಏಕೆ ಬೇಡ?

ಮೈಲುತುತ್ತದಲ್ಲಿರುವುದು ತಾಮ್ರ. ಅದು ಬಸವನಹುಳುವನ್ನು ಕೊಲ್ಲುತ್ತದೆಂಬುದು ನಿಜ. ಆದರೆ ಹುಳು ಸಾಯುವ ಪ್ರಮಾಣಕ್ಕೂ ಮೀನು ಸಾಯುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತುಂಬಿದರೂ ಹಿಡಿಯುವುದು ಸುಮಾರು 56 ಲೀಟರ್ ನೀರು. ಅಷ್ಟು ನೀರಿಗೆ ಕೈಯಂದಾಜಿನ ಚಿಟಿಕೆ ಎಂಬುದು ಅಳತೆಯೇ ಅಲ್ಲ. ಮೀನು ಒಂದು ವೇಳೆ ಉಳಿದರೂ ಸತ್ತ ನೂರಾರು ಹುಳುಗಳು ಚಿಪ್ಪಿನೊಳಗೇ ಕೊಳೆತು ನೀರಿನಲ್ಲಿ ಅಮೋನಿಯಾ ಏರುತ್ತದೆ. ಮರುದಿನ ಮೀನುಗಳು ಮೇಲೆ ತೇಲುತ್ತವೆ. ತಾಮ್ರವಾದರೋ ತಳದ ಕಲ್ಲುಮರಳಿನಲ್ಲಿ ಸೇರಿಕೊಂಡು ಬಹುಕಾಲ ಇರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಮನೆಯ ಹೊರಗಿದೆ. ಕಂಬದೂರು, ಕಲ್ಯಾಣದುರ್ಗದ ಸೀಮೆಯಲ್ಲಿ ಒಂದು ಬಿಂದಿಗೆ ನೀರನ್ನೂ ಸುಮ್ಮನೆ ಚೆಲ್ಲುವವರಿಲ್ಲ. ತೊಟ್ಟಿ ತೊಳೆದ ನೀರನ್ನು ಕುರಿಗಳ ಬಾನಿಗೆ ಸುರಿಯುವ ಮನೆಗಳೂ ಇವೆ. ದನಕ್ಕಿಂತ ಕುರಿಗೆ ತಾಮ್ರದ ವಿಷ ಬಹುಬೇಗ ತಗಲುತ್ತದೆ. ಕುರಿಯ ದೇಹ ತಾಮ್ರವನ್ನು ಹೊರಹಾಕಲಾರದೆ ಕಾರ್ಜದಲ್ಲಿ ಕೂಡಿಟ್ಟುಕೊಳ್ಳುತ್ತಾ ಹೋಗುತ್ತದೆ. ವಾರಗಟ್ಟಲೆ ಕುರಿ ಚೆನ್ನಾಗಿಯೇ ಇದ್ದಂತೆ ಕಾಣುತ್ತದೆ. ನಂತರ ಒಂದು ದಿನ ಆ ತಾಮ್ರವೆಲ್ಲ ರಕ್ತಕ್ಕೆ ಬಂದು ರಕ್ತಕಣಗಳು ಒಡೆಯುತ್ತವೆ. ಕಣ್ಣು ಹಳದಿಯಾಗುತ್ತದೆ, ಮೂತ್ರ ಕೆಂಪುಗಪ್ಪಾಗುತ್ತದೆ, ಒಂದೆರಡು ದಿನಗಳಲ್ಲಿ ಕುರಿ ಸಾಯುತ್ತದೆ. ಬಾನಿಯ ಪಾಚಿ ತೆಗೆಯಲು, ಹುಳು ಕೊಲ್ಲಲು ಬಾನಿಗೇ ಮೈಲುತುತ್ತ ಹಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟುಗಳನ್ನು ಕುರಿಗೆ ನೀರಿಡಲು ಬಳಸಲೇಬಾರದು.

ಹಾಗಾದರೆ ಮಾಡಬೇಕಾದದ್ದೇನು?

1. ಆಹಾರ ಕಡಿಮೆ ಮಾಡಿ. ದಿನಕ್ಕೆ ಒಂದು ಸಲ, ಎರಡು ಮೂರು ನಿಮಿಷಗಳಲ್ಲಿ ಮೀನು ತಿಂದು ಮುಗಿಸುವಷ್ಟು ಸಾಕು. ಬೆಳೆದ ಮೀನು ವಾರಕ್ಕೊಂದು ದಿನ ಉಪವಾಸವಿದ್ದರೆ ತೊಂದರೆಯಿಲ್ಲ.

2. ರಾತ್ರಿ ದೀಪ ಆರಿಸಿದ ಮೇಲೆ ಒಂದು ತುಂಡು ಸೌತೆಕಾಯಿಯನ್ನೋ ಎಲೆಕೋಸಿನ ಎಲೆಯನ್ನೋ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಔಷಧಿ ಹೊಡೆದ ತರಕಾರಿ ಬೇಡ. ಬೆಳಗಾಗುವಷ್ಟರಲ್ಲಿ ಹುಳುಗಳು ಅದಕ್ಕೆ ಮುತ್ತಿಕೊಂಡಿರುತ್ತವೆ. ಎಲೆಯ ಸಮೇತ ತೆಗೆಯಿರಿ. ಎರಡು ಮೂರು ವಾರ ಬಿಡದೆ ಮಾಡಿದರೆ ಸಂಖ್ಯೆ ಇಳಿಯುವುದು ಕಾಣುತ್ತದೆ.

3. ಗಾಜಿಗೆ ಅಂಟಿದ ಮೊಟ್ಟೆಯ ಲೋಳೆಯನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ತೆಗೆಯಿರಿ.

4. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಸಣ್ಣ ಪೈಪಿನಿಂದ ತಳದ ಕಸದೊಡನೆ ಹೊರತೆಗೆದು ಹೊಸ ನೀರು ಹಾಕಿ. ನಲ್ಲಿಯ ನೀರಿಗೆ ಕ್ಲೋರಿನ್ ಹಾಕಿದ್ದರೆ ಒಂದು ದಿನ ಅಗಲವಾದ ಪಾತ್ರೆಯಲ್ಲಿ ತೆರೆದಿಟ್ಟು ಬಳಸಿ. ಪೈಪನ್ನು ಬಾಯಿಂದ ಎಳೆಯಲು ಮಕ್ಕಳಿಗೆ ಬಿಡಬೇಡಿ. ಪೈಪಿನಲ್ಲಿ ಮೊದಲೇ ನೀರು ತುಂಬಿ ಎರಡೂ ತುದಿಗೆ ಬೆರಳಿಟ್ಟು ಒಂದನ್ನು ಕೆಳಗಿನ ಬಕೆಟ್ಟಿಗೆ ಬಿಟ್ಟರೆ ತಾನೇ ಹರಿಯುತ್ತದೆ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಲಿ.

5. ಹೊಸ ಗಿಡ ತಂದಾಗ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಪಟಿಕದ ಪುಡಿ ಕರಗಿಸಿ ಒಂದು ದಿನ ನೆನೆಸಿ, ಚೆನ್ನಾಗಿ ತೊಳೆಯಿರಿ. ಆಮೇಲೆ ಎರಡು ಮೂರು ವಾರ ಬೇರೆ ಬಕೆಟ್ಟಿನಲ್ಲಿ ಬೆಳಕಿಗಿಟ್ಟು ನೋಡಿ. ಉಳಿದ ಮೊಟ್ಟೆಯಿದ್ದರೆ ಅಲ್ಲೇ ಒಡೆದು ಮರಿ ಕಾಣುತ್ತದೆ.

6. ಹುಳು ತಿನ್ನುವ ಬೊಟಿಯಾ ಜಾತಿಯ ಮೀನು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅದು ಗುಂಪಿನಲ್ಲಿ ಬಾಳುವ, ದೊಡ್ಡದಾಗಿ ಬೆಳೆಯುವ ಮೀನು. ಎರಡಡಿಯ ತೊಟ್ಟಿಗೆ ತರುವುದು ಸರಿಯಲ್ಲ.

ತೆಗೆದ ಹುಳುವನ್ನು ಏನು ಮಾಡುವುದು?

ಕೆರೆಗೆ, ಕುಂಟೆಗೆ, ಬಾವಿಗೆ ಎಸೆಯಬೇಡಿ. ಬಿಸಿನೀರಿನಲ್ಲಿ ಅದ್ದಿ ಸಾಯಿಸಿ ತಿಪ್ಪೆಯಲ್ಲಿ ಹೂಳಿರಿ. 1847ರಲ್ಲಿ ಬೆನ್ಸನ್ ಎಂಬ ಆಂಗ್ಲರು ಮಾರಿಷಸ್‌ನಿಂದ ಆಫ್ರಿಕದ ದೈತ್ಯ ಬಸವನಹುಳುಗಳನ್ನು ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಡಿಸಿದರು. ನೆಲದ ಮೇಲೆ ಬಾಳುವ ಆ ಹುಳು ಇಂದು ಕರ್ನಾಟಕದ ಕಾಫಿ, ಅಡಿಕೆ, ಪಪ್ಪಾಯಿ ತೋಟಗಳವರೆಗೆ ಹಬ್ಬಿ ರೈತರನ್ನು ಅಳಿಸುತ್ತಿದೆ. ಒಬ್ಬರ ಹವ್ಯಾಸದ ಫಲವನ್ನು ಎಷ್ಟೋ ತಲೆಮಾರಿನವರು ಉಣ್ಣುತ್ತಿದ್ದಾರೆ.

ಇನ್ನು ಲಿಮ್ನಿಯಾದ ಮಾತು. ಕುರಿ, ಎಮ್ಮೆ, ದನಗಳ ಕಾರ್ಜದಲ್ಲಿ ಬಾಳುವ ಎಲೆಯಾಕಾರದ ಚಪ್ಪಟೆ ಹುಳುವಿಗೆ ಈ ಬಸವನಹುಳುವೇ ತೊಟ್ಟಿಲು. ರೋಗದ ಕುರಿಯ ಹಿಕ್ಕೆಯಲ್ಲಿರುವ ಮೊಟ್ಟೆ ನೀರಿಗೆ ಬಿದ್ದು ಒಡೆಯುತ್ತದೆ. ಮರಿ ಲಿಮ್ನಿಯಾದೊಳಗೆ ಹೊಕ್ಕು ನೂರಾರಾಗಿ ಹೊರಬಂದು ನೀರಂಚಿನ ಹುಲ್ಲಿಗೆ ಅಂಟುತ್ತದೆ. ಆ ಹುಲ್ಲು ಮೇಯ್ದ ಕುರಿ ಬಡಕಲಾಗುತ್ತದೆ, ಕಣ್ಣಿನ ಒಳರೆಪ್ಪೆ ಬಿಳಚುತ್ತದೆ, ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಬರುತ್ತದೆ. ಚಕ್ಕುಲಿ ಹುಳುವೂ ಇದೇ ರೀತಿ ದನಗಳ ಹೊಟ್ಟೆಯ ಹುಳುವನ್ನೂ, ಮೂಗಿನಲ್ಲಿ ಗಡ್ಡೆ ಬೆಳೆದು ಗೊರಕೆ ಹೊಡೆಯುವ ಕಾಯಿಲೆಯನ್ನೂ ಹರಡುತ್ತದೆ. ಈ ಲಕ್ಷಣ ಕಂಡರೆ ಪಶುವೈದ್ಯರಿಗೆ ತೋರಿಸಿ, ಅವರು ಹೇಳಿದ ಔಷಧಿಯನ್ನು ಹೇಳಿದ ಅಳತೆಯಲ್ಲಿ ಕುಡಿಸಿ. ಬಾನಿಯನ್ನು ಹತ್ತು ದಿನಕ್ಕೊಮ್ಮೆ ಬರಿದು ಮಾಡಿ ಉಜ್ಜಿ, ನಮ್ಮಲ್ಲಿ ಕೊರತೆಯಿಲ್ಲದ ಬಿಸಿಲಿಗೆ ಒಣಗಲು ಬಿಡಿ. ಸುತ್ತ ಕೆಸರು ನಿಲ್ಲದಂತೆ ಕಲ್ಲು ಹಾಸಿ. ಕುಂಟೆಯಲ್ಲಿ ಬಾತುಕೋಳಿ ಬಿಟ್ಟರೆ ಅವೂ ಹುಳು ತಿನ್ನುತ್ತವೆ.

ಗಾಜಿನ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಹುಳುವಿನಿಂದ ಮನೆಯವರಿಗೆ ರೋಗ ಬರುವುದೆಂದು ಹೆದರಬೇಕಿಲ್ಲ. ಅದು ಸಗಣಿ ಹಿಕ್ಕೆ ಬೀಳುವ ನೀರನ್ನು ಸೇರಿದರೆ ಮಾತ್ರ ಈ ಸರಪಳಿ ಕೂಡಿಕೊಳ್ಳುತ್ತದೆ. ತೊಟ್ಟಿಯ ಹಳೆಯ ನೀರನ್ನು ಕರಿಬೇವಿನ ಗಿಡಕ್ಕೋ ತೆಂಗಿನ ಬುಡಕ್ಕೋ ಹಾಕಿರಿ. ಮೀನಿನ ಕಸುವೆಲ್ಲ ಅದರಲ್ಲಿದ್ದು ಗಿಡಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ.

2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು 'ಲಾವ್ದಾತೊ ಸೀ' ಎಂಬ ವಿಶ್ವಪತ್ರದಲ್ಲಿ ಈ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದರು. ಆ ಮನೆಯಲ್ಲಿ ಒಂದು ಕೋಣೆಗೆ ಸುರಿದ ವಿಷ ಇನ್ನೊಂದು ಕೋಣೆಗೆ ಹರಿಯದೆ ಇರುವುದಿಲ್ಲ. ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: ಮೈಲುತುತ್ತದ ಪೊಟ್ಟಣವನ್ನು ಮಕ್ಕಳ ಕೈಗೆ ಸಿಗದಂತೆ ಮೇಲೆತ್ತಿಡಿ, ಸಂಜೆಗೆ ಒಂದು ತುಂಡು ಸೌತೆಕಾಯಿ ತೆಗೆದಿಡಿ, ಹುಳು ಹಿಡಿಯುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ. ಮೀನು ಬೇಕೆಂದು ಹಟ ಹಿಡಿದವರು ಅವರೇ ಅಲ್ಲವೇ!