ಜೊತೆಯವರೇ ದೂರವಿಟ್ಟಾಗ ಶಿಕ್ಷಕರು ಎಲ್ಲಿಗೆ ಹೋಗಬೇಕು?

ನಿಪ್ಪಾಣಿ, ರಾಯಬಾಗ ಕಡೆಯ ಎಷ್ಟೋ ಹಳ್ಳಿ ಶಾಲೆಗಳಲ್ಲಿ ಇರುವವರೇ ನಾಲ್ಕೈದು ಶಿಕ್ಷಕರು. ಅಂಥಲ್ಲಿ ಉಳಿದವರೆಲ್ಲ ಒಂದಾಗಿ ಒಬ್ಬರೊಂದಿಗೆ ಮಾತು ಬಿಟ್ಟರೆ, ಆ ಮಾಸ್ತರಿಗೋ ಅಕ್ಕೋರಿಗೋ ದಿನವಿಡೀ ಮಾತಿಗೆ ಸಿಗುವವರು ಮಕ್ಕಳು ಮಾತ್ರ. ಸಭೆಯ ಸುದ್ದಿ ತಿಳಿಯುವುದಿಲ್ಲ, ತರಬೇತಿಗೆ ಹೆಸರು ಹೋಗುವುದಿಲ್ಲ, ವಾಟ್ಸ್‌ಆ್ಯಪ್ ಗುಂಪಿನಿಂದ ನಂಬರ್ ತೆಗೆದಿರುತ್ತಾರೆ. ಬರಬರುತ್ತ ನಿದ್ದೆ ಕೆಡುತ್ತದೆ. ಭಾನುವಾರ ಸಂಜೆಯಾದರೆ ಎದೆ ಹೊಡೆದುಕೊಳ್ಳುತ್ತದೆ.

ಮಾತು ಬಿಟ್ಟಿದ್ದಕ್ಕೇ ಯಾರಿಗೂ ಶಿಕ್ಷೆಯಾಗದು. ‘ನನ್ನನ್ನು ಯಾರೂ ಮಾತಾಡಿಸುವುದಿಲ್ಲ’ ಎಂಬ ಅರ್ಜಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಫೈಲಿನಲ್ಲೇ ಉಳಿಯುತ್ತದೆ. ಅದರ ಬದಲು ‘ಇಂಥ ತಾರೀಖಿನ ಸಭೆಯ ಸೂಚನೆ ನನಗೆ ತೋರಿಸಿಲ್ಲ, ಸೂಚನಾ ಪುಸ್ತಕದಲ್ಲಿ ನನ್ನ ಸಹಿ ಇಲ್ಲ’ ಎಂದು ಬರೆಯಿರಿ. ಅದಕ್ಕೆ ಮುಖ್ಯಗುರುಗಳು ಉತ್ತರ ಹೇಳಬೇಕಾಗುತ್ತದೆ. ಆ ಪುಟದ ನಕಲನ್ನು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ದೂರು ಮುಖ್ಯಗುರುಗಳ ಮೇಲೇ ಇದ್ದರೆ ಮನವಿಯ ಒಂದು ಪ್ರತಿಯನ್ನು ನೇರವಾಗಿ ಬಿಇಒಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅಲ್ಲಿ ಕೆಲಸವಾಗದಿದ್ದರೆ ಚಿಕ್ಕೋಡಿಯ ಉಪನಿರ್ದೇಶಕರ ಕಚೇರಿಯಿದೆ. ಬಡ್ತಿ, ವೇತನದಂಥ ಸೇವಾ ವಿಷಯದ ಮನವಿಗೆ 6 ತಿಂಗಳಾದರೂ ತೀರ್ಮಾನ ಬರದಿದ್ದರೆ, ಸರ್ಕಾರಿ ಶಿಕ್ಷಕರು ನಂತರದ 1 ವರ್ಷದೊಳಗೆ ಕರ್ನಾಟಕ ಆಡಳಿತ ನ್ಯಾಯಮಂಡಳಿಯ ಬೆಳಗಾವಿ ಪೀಠಕ್ಕೆ ಹೋಗಬಹುದು. ಖಾಸಗಿ ಶಾಲೆಯವರನ್ನು ಕೆಲಸದಿಂದಲೇ ತೆಗೆದರೆ, 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಕಲಂ 94ರಡಿ 3 ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು.

ದೂರವಿಟ್ಟ ಕಾರಣ ಜಾತಿಯಾಗಿದ್ದರೆ ಮಾತೇ ಬೇರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸಾಮಾಜಿಕ ಬಹಿಷ್ಕಾರ ಹಾಕುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ, 2015ರ ತಿದ್ದುಪಡಿಯ ಬಳಿಕ, ನೇರ ಅಪರಾಧ; 6 ತಿಂಗಳಿಂದ 5 ವರ್ಷದವರೆಗೆ ಜೈಲು. ಇಲಾಖೆಗೆ ಮನವಿ ಕೊಟ್ಟು ಕಾಯಬೇಕಿಲ್ಲ, ಪೊಲೀಸ್ ಠಾಣೆಗೆ ಹೋಗಬಹುದು.

ಲೈಂಗಿಕ ಒತ್ತಾಯಕ್ಕೆ ಒಪ್ಪದ ಸಿಟ್ಟಿಗೆ ಶಿಕ್ಷಕಿಯನ್ನು ಒಂಟಿ ಮಾಡಿದ್ದರೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಅದನ್ನೂ ಕಿರುಕುಳವೆಂದೇ ನೋಡುತ್ತದೆ. ಹತ್ತಕ್ಕಿಂತ ಕಡಿಮೆ ನೌಕರರಿರುವ ಶಾಲೆಯಲ್ಲಿ ಆಂತರಿಕ ಸಮಿತಿ ಇರುವುದಿಲ್ಲ; ಅಂಥವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಗಡುವು 3 ತಿಂಗಳು, ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು. ಸರ್ಕಾರಿ ಶಾಲೆಯ ಅಂಗವಿಕಲ ಶಿಕ್ಷಕರಿಗೆ ತಾರತಮ್ಯದ ವಿರುದ್ಧ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಕಲಂ 20 ಆಸರೆ.

ಇಷ್ಟೆಲ್ಲ ಓಡಾಟಕ್ಕೆ ಮೊದಲು ಮನಸ್ಸು ನಿಲ್ಲಬೇಕು. ವೈದ್ಯರ ಹತ್ತಿರ ಹೋದರೆ ‘ಹುಚ್ಚು’ ಎಂಬ ಹಣೆಪಟ್ಟಿ ಬೀಳುತ್ತದೆಂದು ಹೆದರುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕಲಂ 23ರ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯ. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಚಿಕಿತ್ಸೆಯ ಚೀಟಿಗಳನ್ನು ಬಿಸಾಡಬೇಡಿ, ಮುಂದೆ ಅವೂ ಸಾಕ್ಷಿ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಿರಬೇಡಿ. ಮಹಿಳೆಯರು, ಪರಿಶಿಷ್ಟರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ನಿಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.