ದೂರದರ್ಶನದ ದುರಸ್ತಿಯಲ್ಲಿ ಆದೇಶವಿಚಾರ

ಒಂದು ಅಕ್ಷರದ ಸ್ಥಾನದಲ್ಲಿ ಮತ್ತೊಂದು ಅಕ್ಷರವು ಬಂದು ನಿಲ್ಲುವುದನ್ನು ವ್ಯಾಕರಣಶಾಸ್ತ್ರವು ‘ಆದೇಶ’ವೆಂದು ಕರೆಯುವುದು ವಾಚಕರಿಗೆ ವಿದಿತವೇ ಇದೆ. ‘ಮಳೆಗಾಲ’ದಲ್ಲಿ ಕಕಾರಕ್ಕೆ ಗಕಾರವೂ ‘ಬೆಟ್ಟದಾವರೆ’ಯಲ್ಲಿ ತಕಾರಕ್ಕೆ ದಕಾರವೂ ಆದೇಶವಾಗಿ ಬಂದಿವೆ. ಕಕಾರಕ್ಕೆ ದಕಾರವು ಬರಲಾರದು. ಏಕೆಂದರೆ ಕ-ಗಗಳು ಕಂಠ್ಯಗಳು, ತ-ದಗಳು ದಂತ್ಯಗಳು. ಬದಲಿಗೆ ಬರುವುದು ಆ ಸ್ಥಾನಕ್ಕೆ ಸಲ್ಲುವಂತಿರಬೇಕೆಂಬುದೇ ಇಲ್ಲಿಯ ತತ್ತ್ವ. ಹಳೆಯ ದೂರದರ್ಶನ ಯಂತ್ರಕ್ಕೆ ಬದಲಿ ಬಿಡಿಭಾಗವನ್ನು ಹುಡುಕುವವನೂ ಈ ತತ್ತ್ವವನ್ನು ಮೀರುವಂತಿಲ್ಲ.

ನಮ್ಮ ಸೀಮೆಗೆ ದೂರದರ್ಶನವು ಅಪರಿಚಿತವಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಡೆದ ‘ಸೈಟ್’ ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗಗಳೊಡನೆ ರಾಯಚೂರು ಜಿಲ್ಲೆಯೂ ಸೇರಿತ್ತು. 1997ರಲ್ಲಿ ಕೊಪ್ಪಳ ಜಿಲ್ಲೆಯು ರಚಿತವಾಗುವವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಆ ಜಿಲ್ಲೆಯವೇ ಆಗಿದ್ದುವು. ಅನಂತರದ ದಶಕಗಳಲ್ಲಿ ಕೊಂಡ ಯಂತ್ರಗಳು ಇಂದಿಗೂ ಕೆಲವು ಮನೆಗಳಲ್ಲಿ, ಶಾಲೆಗಳಲ್ಲಿ ಉಳಿದಿವೆ. ಅವುಗಳಲ್ಲಿ ಮೊದಲು ಕೆಡುವುದು ಬಹುಮಟ್ಟಿಗೆ ವಿದ್ಯುತ್ ಪೂರೈಕೆಯ ಭಾಗವೇ. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಡಯೋಡು ಏಕಮುಖಗೊಳಿಸುತ್ತದೆ. ಕಂಡೆನ್ಸರು ಅದರ ಏರಿಳಿತವನ್ನು ತಗ್ಗಿಸುತ್ತದೆ. ಫ್ಯೂಸು ಇವೆಲ್ಲವನ್ನೂ ಕಾಯುತ್ತದೆ.

ಮೊದಲನೆಯದಾಗಿ ಕಂಡೆನ್ಸರು. ಇದು ಒಣಗಿದಾಗ ಧ್ವನಿಯಲ್ಲಿ ಗುಂಯ್‌ಗುಡುವಿಕೆಯೂ ಚಿತ್ರದಲ್ಲಿ ಅಡ್ಡಪಟ್ಟಿಗಳೂ ಕಾಣುವುವು. 100 ಮೈಕ್ರೋಫ್ಯಾರಡ್, 350 ವೋಲ್ಟಿನದು ದೊರೆಯದಿದ್ದರೆ ಅದೇ ಧಾರಣೆಯ 400 ಅಥವಾ 450 ವೋಲ್ಟಿನದು ಸಲ್ಲುತ್ತದೆ. 250 ವೋಲ್ಟಿನದು ಸಲ್ಲದು. 230 ವೋಲ್ಟಿನ ವಿದ್ಯುತ್ತು ತನ್ನ ಶಿಖರದಲ್ಲಿ ಸುಮಾರು 325 ವೋಲ್ಟನ್ನು ಮುಟ್ಟುವುದೇ ಇದಕ್ಕೆ ಕಾರಣ. ಧಾರಣೆಯನ್ನು ಬಹಳ ಹೆಚ್ಚಿಸುವುದೂ ತಪ್ಪು. ಯಂತ್ರವನ್ನು ಚಾಲೂ ಮಾಡಿದೊಡನೆ ನುಗ್ಗುವ ಪ್ರವಾಹವು ಡಯೋಡನ್ನು ಸುಡಬಹುದು. ಧನ-ಋಣ ತುದಿಗಳನ್ನು ಅದಲುಬದಲು ಮಾಡಿದರೆ ಕಂಡೆನ್ಸರು ಸಿಡಿಯುವ ಅಪಾಯವುಂಟು.

ಎರಡನೆಯದು ಡಯೋಡು. ಹಿಂದೆ ಬಹುವಾಗಿ ಬಳಕೆಯಲ್ಲಿದ್ದ ಬಿವೈ 127 ಈಗ ವಿರಳ. ಅದು 1250 ವೋಲ್ಟನ್ನು ತಡೆಯಬಲ್ಲದು. ಎಲ್ಲೆಡೆ ಅಗ್ಗವಾಗಿ ದೊರೆಯುವ 1 ಎನ್ 4007 ತಡೆಯುವುದು 1000 ವೋಲ್ಟನ್ನು ಮಾತ್ರ. ಆದರೂ ಇದು ಯೋಗ್ಯವಾದ ಆದೇಶವೇ. ಆ ಸ್ಥಾನದಲ್ಲಿ ಬೀಳುವ ಒತ್ತಡವು ಶಿಖರದ ಎರಡರಷ್ಟು, ಎಂದರೆ ಸುಮಾರು 650 ವೋಲ್ಟು. ಹರಿಯುವ ಪ್ರವಾಹವು ಒಂದು ಆಂಪಿಯರನ್ನು ಮೀರದಿದ್ದರೆ ಸಾಕು. ಮೂಲದ ದೊಡ್ಡಸ್ತಿಕೆಯನ್ನಲ್ಲ, ಸ್ಥಾನದ ಕಾರ್ಯವನ್ನು ನೋಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಆದರೆ ಇದೇ 4007ನ್ನು ವರ್ಣಚಿತ್ರದ ಯಂತ್ರಗಳಲ್ಲಿ ಕ್ಷಣಕ್ಕೆ ಸಾವಿರಾರು ಸಲ ಆವರ್ತಿಸುವ ವಿದ್ಯುತ್ತಿನ ಕಡೆ ಕೂಡಿಸಿದರೆ ಅದರ ಮಂದಗತಿಯಿಂದಲೇ ಕಾದು ಕೆಡುತ್ತದೆ. ಅಲ್ಲಿ ಬಿಎ 159ರಂತಹ ಶೀಘ್ರಗತಿಯ ಡಯೋಡೇ ಬೇಕು.

ರೋಧಕದಲ್ಲಿ ಆದೇಶವಲ್ಲದೆ ಸಮಾಸವೂ ಸಾಧ್ಯ. 50 ಓಮ್, 10 ವ್ಯಾಟಿನದು ಸಿಗದಿದ್ದರೆ 100 ಓಮ್, 5 ವ್ಯಾಟಿನ ಎರಡನ್ನು ಸಮಾಂತರವಾಗಿ ಕೂಡಿಸಬಹುದು. ಹಳೆಯ ಯಂತ್ರಗಳಿಂದ ಬಿಚ್ಚಿದ ಡಯೋಡು, ರೋಧಕಗಳನ್ನು ಪರೀಕ್ಷಿಸಿ ಬಳಸಬಹುದು. ಕಂಡೆನ್ಸರನ್ನು ಮಾತ್ರ ಹೊಸದಾಗಿಯೇ ತರತಕ್ಕದ್ದು. ಊರಿನಲ್ಲಿ ಸಿಗದಿದ್ದುದು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಸಿಕ್ಕೀತು.

ಫ್ಯೂಸಿಗೆ ಮಾತ್ರ ಅದೇ ಆಂಪಿಯರಿನ, ಅದೇ ಜಾತಿಯ ಫ್ಯೂಸಲ್ಲದೆ ಬೇರೆ ಆದೇಶವಿಲ್ಲ. ನಾನು ಹಿಂದೆ ಪಾಠ ಹೇಳುತ್ತಿದ್ದ ಒಂದು ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು ಪ್ರೀತಿಯಿಂದ ಕಪ್ಪು-ಬಿಳುಪಿನ ಯಂತ್ರವೊಂದನ್ನು ಕೊಟ್ಟಿದ್ದರು. ಫ್ಯೂಸು ಹಾರಿದಾಗ ಯಾರೋ ಅವಸರದಲ್ಲಿ ತಾಮ್ರದ ಎಳೆಯನ್ನು ಸುತ್ತಿದರು. ಯಂತ್ರವು ನಡೆಯಿತು, ಎಲ್ಲರೂ ಸಂತೋಷಪಟ್ಟೆವು. ಕೆಲವು ದಿನಗಳ ಮೇಲೆ, ಕೋಣೆಯ ತುಂಬ ಮಕ್ಕಳು ಕುಳಿತಿದ್ದಾಗಲೇ ಒಳಗಿನ ಟ್ರಾನ್ಸ್‌ಫಾರ್ಮರು ಸುಟ್ಟು ಹೊಗೆಯೆದ್ದಿತು. ಮಕ್ಕಳಿಗೆ ಏನೂ ಆಗಲಿಲ್ಲವೆಂಬುದೇ ಭಾಗ್ಯ. ಆ ಟ್ರಾನ್ಸ್‌ಫಾರ್ಮರಿಗೆ ಬದಲಿಯು ಎಲ್ಲಿಯೂ ದೊರೆಯಲಿಲ್ಲ. ಫ್ಯೂಸು ಹಾರುವುದು ರೋಗವಲ್ಲ, ರೋಗದ ಸೂಚನೆ ಎಂಬುದನ್ನು ನಾನು ಅಂದು ಅರಿತೆನು.

ಆದುದರಿಂದ ಯಂತ್ರವನ್ನು ಬಿಚ್ಚುವ ಮೊದಲು ಗೋಡೆಯ ಪ್ಲಗ್ಗನ್ನು ಕೀಳಬೇಕು. ಕಂಡೆನ್ಸರಿನಲ್ಲಿ ಉಳಿದ ವಿದ್ಯುತ್ತನ್ನು ರೋಧಕದ ಮೂಲಕ ಹೊರಗೆಡಹಬೇಕು. ಕೆಲವು ಯಂತ್ರಗಳ ಲೋಹದ ಚೌಕಟ್ಟಿಗೇ ನೇರವಾಗಿ ವಿದ್ಯುತ್ ಸಂಬಂಧವಿರುವುದನ್ನು ಮರೆಯಬಾರದು. ದುರಸ್ತಿಯಾದ ಮೇಲೆ ಮೊದಲ ಸಲ 60 ಅಥವಾ 100 ವ್ಯಾಟಿನ ತಂತುದೀಪವನ್ನು ಸರಣಿಯಲ್ಲಿ ಕೂಡಿಸಿ ಚಾಲೂ ಮಾಡಬೇಕು. ದೀಪವು ಪೂರ್ಣವಾಗಿ ಉರಿಯುತ್ತಲೇ ಇದ್ದರೆ ದೋಷವು ಒಳಗೆ ಉಳಿದಿದೆಯೆಂದು ತಿಳಿಯತಕ್ಕದ್ದು. ಅಭ್ಯಾಸವಿಲ್ಲದವರು ಬಲ್ಲವರ ಬಳಿ ಕುಳಿತು ಕಲಿಯದೆ ಈ ಕೆಲಸಕ್ಕೆ ಕೈಹಾಕಲಾಗದು.

ಸ್ಥಾನವನ್ನು ಅರಿತು ಮಾಡಿದ ಆದೇಶವು ಪದವನ್ನು ಉಳಿಸುತ್ತದೆ, ಯಂತ್ರವನ್ನೂ ಉಳಿಸುತ್ತದೆ. ಅರಿಯದೆ ಮಾಡಿದ ಆದೇಶದ ಫಲವು ಲೋಪವೇ ಸರಿ.