ಮೊದಲು ಫೀಸು ಕೇಳುವ ಆಸ್ತಿ

ಕೊಕ್ಕಡದ ಒಂದು ಅಡಿಕೆ ತೋಟದ ಮನೆಯಿಂದ ಕಳೆದ ಮಳೆಗಾಲದಲ್ಲಿ 4,40,000 ರೂಪಾಯಿ ಹೋಯಿತು. ಹೋದದ್ದು ನನ್ನ ದೊಡ್ಡಮ್ಮನ ಮಗನ ದುಡ್ಡು, ಹೋದ ದಾರಿ ಒಂದು ಇ-ಮೇಲ್. ಹೆಸರು ಬರೆಯಬೇಡ, ಉಳಿದದ್ದೆಲ್ಲ ಬರೆ ಎಂದು ಅಣ್ಣನೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಬರೆದವನು ತಾನು ಲಂಡನ್ನಿನ ವಕೀಲ ಎಂದು ಹೇಳಿಕೊಂಡಿದ್ದ. ಶೆಟ್ಟಿ ಎಂಬ ತನ್ನ ಕಕ್ಷಿದಾರ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದಾನೆ, ಹೆಂಡತಿ ಮಕ್ಕಳಿಲ್ಲ, ಬ್ಯಾಂಕಿನಲ್ಲಿ 4,00,000 ಪೌಂಡ್ ಇದೆ, ಅದೇ ಕುಲನಾಮದ ನೀವೇ ಹತ್ತಿರದ ವಾರಸುದಾರರು ಎಂದಿತ್ತು ಪತ್ರ. ಪೌಂಡಿಗೆ 115 ರೂಪಾಯಿಯಂತೆ 4.60 ಕೋಟಿ ಎಂದು ಲೆಕ್ಕವನ್ನೂ ಅವನೇ ಹಾಕಿ ಕೊಟ್ಟಿದ್ದ.

ಇಂಥದ್ದನ್ನು ನಂಬುವವರೂ ಇದ್ದಾರೆಯೇ ಎಂದು ಪೇಟೆಯವರು ಕೇಳಬಹುದು. ನಮ್ಮ ಕಡೆ ನಂಬಲು ಕಾರಣಗಳಿವೆ. ಬೊಂಬಾಯಿಯ ಹೋಟೆಲಿಗೆ ಕೆಲಸಕ್ಕೆ ಹೋಗಿ ಕಾಗದವನ್ನೇ ಬರೆಯದ ಒಬ್ಬ ಮಾವ ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಎಷ್ಟೋ ಕುಟುಂಬಗಳಲ್ಲಿದ್ದಾನೆ, ನಮ್ಮಲ್ಲೂ ಇದ್ದ. ಅಲ್ಲದೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಿಂತ ಮೊದಲು ಅಳಿಯಕಟ್ಟಿನ ಮನೆಗಳಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಮಾವನದ್ದು ಅಳಿಯನಿಗೆ ಬರುವುದು ಬೇರೆ ಊರಿನವರಿಗೆ ಕಥೆ, ನಮಗೆ ಅಜ್ಜಿಯ ಕಾಲದ ರೂಢಿ. ಪತ್ರ ಬರೆದವನಿಗೆ ಇದೊಂದೂ ಗೊತ್ತಿರಲಿಕ್ಕಿಲ್ಲ. ಸಾವಿರಾರು ಜನರಿಗೆ ಕಳಿಸಿದ ಅದೇ ಪತ್ರ ಇಲ್ಲಿಗೆ ಬಂದಾಗ ಅಣ್ಣನ ಮನಸ್ಸಿನಲ್ಲಿದ್ದ ಮಾವನನ್ನು ಮುಟ್ಟಿತು.

ಮೊದಲು ಕೇಳಿದ್ದು ಫೈಲು ತೆರೆಯುವ ಫೀಸು, 18,500. ಆಮೇಲೆ ವಾರಸು ತೆರಿಗೆ ಎಂದು 64,000. ಮೂರನೆಯದು ರಿಸರ್ವ್ ಬ್ಯಾಂಕಿನ ಮೊಹರಿದ್ದ ಕಾಗದ, ವಿದೇಶಿ ಹಣ ಬಿಡುಗಡೆಗೆಂದು 1,45,000. ಕೊನೆಗೆ ಈ ಹಣಕ್ಕೂ ಭಯೋತ್ಪಾದನೆಗೂ ಸಂಬಂಧವಿಲ್ಲ ಎನ್ನುವ ಸರ್ಟಿಫಿಕೇಟಿಗೆ 2,12,500. ಐದನೆಯದನ್ನು ಕೇಳುವ ಹೊತ್ತಿಗೆ ಅತ್ತಿಗೆ ಮದುವೆಯೊಂದಕ್ಕೆ ಹೊರಡಲು ಬಳೆ ಕೇಳಿದರು. ಬಳೆ ಅಡವಿನಲ್ಲಿತ್ತು. ಹಾಗಾಗಿ ವಿಷಯ ಹೊರಬಿತ್ತು.

ಈಗ ಲೆಕ್ಕ. 4.60 ಕೋಟಿಯ ಎದುರು 18,500 ಎಂದರೆ ನೂರು ರೂಪಾಯಿಗೆ 4 ಪೈಸೆ. ನಾಲ್ಕೂ ಕಂತು ಕೂಡಿಸಿದರೂ ನೂರಕ್ಕೆ 96 ಪೈಸೆ, ಒಂದು ರೂಪಾಯಿ ಕೂಡ ಆಗದು. ಅಣ್ಣ ಪ್ರತಿ ಸಲ ಅಳೆದದ್ದು ಹೀಗೆ. ಬರಬೇಕಾದ ಹಣದ ಪಕ್ಕದಲ್ಲಿಟ್ಟರೆ ಎಷ್ಟು ಕೊಟ್ಟರೂ ಕಡಿಮೆಯೇ. ಅದೇ ಹಣವನ್ನು ತೋಟದ ಪಕ್ಕದಲ್ಲಿಟ್ಟು ನೋಡೋಣ. ಚಾಲಿ ಅಡಿಕೆಗೆ ಕಿಲೋಗೆ 400 ರೂಪಾಯಿ ಎಂದು ಹಿಡಿಯಿರಿ. 4,40,000 ಎಂದರೆ 11 ಕ್ವಿಂಟಲ್. ಚೆನ್ನಾಗಿ ನೋಡಿಕೊಂಡ ಒಂದು ಎಕರೆಯ ಒಂದು ವರ್ಷದ ಫಸಲು ಅಲ್ಲಿಗೆ ಮುಗಿಯಿತು. ಮದ್ದು ಬಿಟ್ಟದ್ದು, ಕೊಯ್ಲು, ಸುಲಿದದ್ದು, ಗೊಬ್ಬರ ಎಲ್ಲ ಕಳೆದು ಅರ್ಧ ಉಳಿಯುತ್ತದೆ ಎಂದುಕೊಂಡರೆ ಎರಡು ವರ್ಷದ ದುಡಿಮೆ.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ದುಡ್ಡು ಬಂದದ್ದು ಮೂರು ಕಡೆಯಿಂದ. ಉಳಿತಾಯ ಖಾತೆಯಿಂದ 1,48,000. ಬಳೆ ಅಡವಿಟ್ಟು 2,00,000, ವರ್ಷಕ್ಕೆ ಶೇ 12 ಬಡ್ಡಿ, ಅಂದರೆ ವರ್ಷಕ್ಕೆ 24,000. ಉಳಿದದ್ದು ಮೊಬೈಲಿನ ಸಾಲದ ಆ್ಯಪ್‌ನಿಂದ. ಕಾಗದದಲ್ಲಿ ಸಾಲ 1,00,000, ಪ್ರಾಸೆಸಿಂಗ್ ಫೀ, ವಿಮೆ ಎಂದು ಮುರಿದುಕೊಂಡು ಕೈಗೆ ಬಂದದ್ದು 92,000. ಕಂತು ತಿಂಗಳಿಗೆ 10,500ರಂತೆ 12 ತಿಂಗಳು, ಒಟ್ಟು 1,26,000. 92,000ಕ್ಕೆ 34,000 ಹೆಚ್ಚು, ಅಂದರೆ ಶೇ 37 ಎಂದು ಅಣ್ಣ ತಿಳಿದಿದ್ದರು. ಅದೂ ತಪ್ಪು. ಅಸಲು ತಿಂಗಳು ತಿಂಗಳು ಕರಗುತ್ತದೆ, ವರ್ಷಪೂರ್ತಿ 92,000 ಅವರ ಕೈಯಲ್ಲಿ ಇರುವುದೇ ಇಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ಬಡ್ಡಿ ತಿಂಗಳಿಗೆ ಶೇ 5.2, ವರ್ಷಕ್ಕೆ ಶೇ 60ರ ಮೇಲೆ. ಎಲ್ಲ ಕೂಡಿಸಿದರೆ ಒಂದು ವರ್ಷದ ಕೊನೆಗೆ 4,98,000. ಹನ್ನೊಂದು ಕ್ವಿಂಟಲ್ ಹನ್ನೆರಡೂವರೆಯ ಹತ್ತಿರ ಬಂತು.

ಈ ಆ್ಯಪ್ ಸಾಲಗಳ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಹತ್ತು ನಿಮಿಷದಲ್ಲಿ ಹಣ ಎನ್ನುವುದೇ ಇವುಗಳ ದೊಡ್ಡ ಗುಣವಂತೆ. ವ್ಯವಸಾಯ ಸಹಕಾರಿ ಸಂಘಕ್ಕೆ ಹೋಗಿ ಸಾಲ ಕೇಳಿದರೆ ಕಾರ್ಯದರ್ಶಿ ‘ಎಂತಕ್ಕೆ ಶೆಟ್ರೇ?’ ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆ ಸಾಕಿತ್ತು. ಏನನ್ನೂ ಕೇಳದೆ ಕೊಡುವ ಸಾಲ ಮೋಸಗಾರನಿಗೆ ಬಾಗಿಲು ತೆರೆದು ಕೊಡುತ್ತದೆ. ತುರ್ತು ಇದ್ದವರಿಗೆ ಉಪಯೋಗ ಎನ್ನುವವರಿದ್ದಾರೆ. ಆ ತುರ್ತು ಯಾರು ಹುಟ್ಟಿಸಿದ್ದು ಎಂದು ಒಮ್ಮೆ ನೋಡಲಿ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಸತ್ತವರ ಆಸ್ತಿಯ ಖರ್ಚು ಆ ಆಸ್ತಿಯಿಂದಲೇ ಹೋಗಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಉಯಿಲು ನಡೆಸುವವನು ಮೊದಲು ಅಂತ್ಯಕ್ರಿಯೆಯ ಖರ್ಚು, ಆಮೇಲೆ ಪ್ರೊಬೇಟಿನ ಖರ್ಚು, ಅನಂತರ ಸಾಲಗಳನ್ನು ತೀರಿಸಬೇಕು ಎಂಬ ಸರದಿಯನ್ನೇ ಹಾಕಿಕೊಟ್ಟಿದ್ದಾರೆ. 4.60 ಕೋಟಿ ಕೈಯಲ್ಲಿಟ್ಟುಕೊಂಡವನು 18,500ನ್ನು ಅದರಲ್ಲೇ ಮುರಿದುಕೊಂಡು ಉಳಿದದ್ದನ್ನು ಕಳಿಸಬಹುದಲ್ಲ? ಈ ಪ್ರಶ್ನೆಗೆ ಅಂಥವರ ಬಳಿ ಉತ್ತರ ಇರುವುದಿಲ್ಲ, ನಿಯಮ ಬಿಡುವುದಿಲ್ಲ ಎಂಬ ಒಂದು ಸಾಲು ಇರುತ್ತದೆ. ನಮ್ಮ ಊರಿನಲ್ಲಿ ಸಕ್ಸೆಷನ್ ಸರ್ಟಿಫಿಕೇಟಿಗೆ ಕೋರ್ಟ್ ಫೀ ನಾವೇ ಮೊದಲು ಕಟ್ಟಬೇಕು, ನಿಜ. ಆದರೆ ಅದನ್ನು ಕಟ್ಟುವುದು ನಾವೇ ಹಿಡಿದ ವಕೀಲರ ಮೂಲಕ ಬೆಳ್ತಂಗಡಿಯ ನ್ಯಾಯಾಲಯಕ್ಕೆ, ಅದಕ್ಕೆ ಕೇಸಿನ ನಂಬರ್ ಇರುತ್ತದೆ, ರಸೀದಿ ಇರುತ್ತದೆ. ಅಣ್ಣ ಕಟ್ಟಿದ್ದು ಕಂಡು ಕೇಳರಿಯದ ಊರುಗಳ ಯಾರ್ಯಾರದೋ ಉಳಿತಾಯ ಖಾತೆಗಳಿಗೆ. ಲಂಡನ್ನಿನ ವಕೀಲನಿಗೆ ಇಲ್ಲಿಯ ಯಾರದೋ ಉಳಿತಾಯ ಖಾತೆ ಯಾಕೆ ಬೇಕು?

ತೆರಿಗೆಯ ಮಾತೂ ಹಾಗೆಯೇ. ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು. ಇಂಗ್ಲೆಂಡಿನಲ್ಲಿ ವಾರಸು ತೆರಿಗೆ ಇದೆ, ಸಾಮಾನ್ಯವಾಗಿ 3,25,000 ಪೌಂಡ್ ದಾಟಿದ ಭಾಗಕ್ಕೆ ಶೇ 40. ಆ ಪತ್ರದಲ್ಲಿದ್ದ 4,00,000 ಪೌಂಡಿಗೆ ಲೆಕ್ಕ ಹಾಕಿದರೆ 30,000 ಪೌಂಡ್, ಅವರದೇ ದರದಲ್ಲಿ 34,50,000 ರೂಪಾಯಿ. ಕೇಳಿದ್ದು 64,000! ಅಣ್ಣನಿಗೆ ಹೊಂದಿಸಲು ಆಗುವಷ್ಟನ್ನೇ ತೆರಿಗೆ ಎಂದು ಕರೆದಿದ್ದರು.

ಕುಲನಾಮ ಒಂದೇ ಆಗಿದೆ ಎಂದು ಯಾವ ದೇಶದ ಕಾನೂನೂ ಆಸ್ತಿ ಕೊಡುವುದಿಲ್ಲ. ಉಯಿಲು ಇಲ್ಲದಿದ್ದರೆ ನಮ್ಮಲ್ಲಿ ರಕ್ತಸಂಬಂಧದ ಸರದಿ ಇದೆ, ಯಾರೂ ಇಲ್ಲದಿದ್ದರೆ ಆಸ್ತಿ ಸರ್ಕಾರಕ್ಕೆ. ಇಂಗ್ಲೆಂಡಿನಲ್ಲಿ ಅರಸೊತ್ತಿಗೆಗೆ. ಶೆಟ್ಟಿ, ಗೌಡ, ಭಟ್, ಪೂಜಾರಿ ಇವೆಲ್ಲ ಎಷ್ಟು ಮನೆಗಳಲ್ಲಿಲ್ಲ? ಡಿಸೋಜ ಎಂಬ ಹೆಸರಂತೂ ಮೂಡುಬಿದಿರೆಯಲ್ಲೂ ಇದೆ, ಗೋವಾದಲ್ಲೂ ಇದೆ, ಬ್ರೆಜಿಲಿನಲ್ಲೂ ಇದೆ. ಕ್ರೈಸ್ತ ಬಂಧುಗಳಿಗೆ ಈ ಪತ್ರಗಳು ಇನ್ನಷ್ಟು ನಿಜವೆನ್ನಿಸಬಹುದು, ಅವರು ಹೆಚ್ಚು ಎಚ್ಚರ ವಹಿಸಬೇಕು.

ವಿಮಾನ ಅಪಘಾತದ ಕಥೆ ನಮ್ಮ ಜಿಲ್ಲೆಯಲ್ಲಿ ಹಳೆಯ ಗಾಯವನ್ನು ಕೆದಕುತ್ತದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಬಿದ್ದು 158 ಮಂದಿ ತೀರಿಕೊಂಡರು. ಪರಿಹಾರದ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ ತೀರ್ಮಾನವಾದದ್ದು 2020ರಲ್ಲಿ. ಸಾವಿನ ಹಿಂದೆ ಬರುವ ನಿಜವಾದ ಹಣ ಹೀಗೆ ಬರುತ್ತದೆ, ಮರಣ ಪ್ರಮಾಣಪತ್ರ, ವಂಶವೃಕ್ಷ, ಸಂಬಳದ ದಾಖಲೆ ಎಲ್ಲ ಕೇಳಿ, ಕುಟುಂಬದವರನ್ನು ಅಲೆಸಿ ಸುಸ್ತು ಮಾಡಿ. ನಲವತ್ತೆಂಟು ಗಂಟೆಯೊಳಗೆ ಉತ್ತರಿಸಿ ಎನ್ನುವುದಿಲ್ಲ.

ಗುಟ್ಟಾಗಿಡಿ ಎನ್ನುವುದೂ ಇಲ್ಲ. ಅಣ್ಣನಿಗೆ ಎರಡನೆಯ ಪತ್ರದಲ್ಲೇ ಆ ಮಾತಿತ್ತು. ‘ನಿನಗೆ ಹೇಳಿದ್ರೆ ಬೇಡ ಅಂತಿದ್ದೆ, ಅದಕ್ಕೇ ಹೇಳ್ಲಿಲ್ಲ ಮಾರಾಯ’ ಎಂದರು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಕೆಟ್ಟ ಲಕ್ಷಣ. ಭಾಷೆಯ ತಪ್ಪು ನೋಡಿ ಗುರುತಿಸಿ ಎಂದು ಹಿಂದೆ ಹೇಳುತ್ತಿದ್ದರು, ಈಗ ಕಂಪ್ಯೂಟರೇ ತಪ್ಪಿಲ್ಲದ ಇಂಗ್ಲಿಷನ್ನೂ ಕನ್ನಡವನ್ನೂ ಬರೆದು ಕೊಡುತ್ತದೆ, ಅದನ್ನು ನೆಚ್ಚಬೇಡಿ. ಮೊಹರು, ಸಹಿ ಕೂಡ ಹಾಗೆಯೇ. ರಿಸರ್ವ್ ಬ್ಯಾಂಕ್ ಜನರ ಖಾತೆ ಇಟ್ಟುಕೊಳ್ಳುವುದಿಲ್ಲ, ಹಣ ಬಿಡಿಸಲು ಫೀಸು ಕೇಳಿ ಯಾರಿಗೂ ಬರೆಯುವುದಿಲ್ಲ, ಇದನ್ನು ಅವರೇ ಮತ್ತೆ ಮತ್ತೆ ಹೇಳಿದ್ದಾರೆ. ಇಂಗ್ಲೆಂಡಿನ ವಕೀಲನೇ ಹೌದೋ ಎಂದು ಅಲ್ಲಿಯ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಪಟ್ಟಿಯಲ್ಲಿ ನೋಡಬಹುದು. ನಿಜವಾದ ವಕೀಲರ ಹೆಸರನ್ನೇ ಕದ್ದು ಬರೆಯುವವರ ಬಗ್ಗೆಯೂ ಆ ಸಂಸ್ಥೆ ಎಚ್ಚರಿಕೆ ಪ್ರಕಟಿಸುತ್ತದೆ.

ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ. ಬೇಗ ತಿಳಿಸಿದರೆ ಹೋದ ಖಾತೆಯಲ್ಲೇ ಹಣವನ್ನು ತಡೆಹಿಡಿಯುವ ವ್ಯವಸ್ಥೆ ಇದೆ. ಅಣ್ಣ ನಾಚಿಕೆಯಿಂದ ವಾರಗಟ್ಟಲೆ ಸುಮ್ಮನಿದ್ದರು, ಅಷ್ಟರಲ್ಲಿ ಖಾತೆಗಳು ಖಾಲಿ. ಹೋದ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀಸು ಆಗುತ್ತದೆ ಎಂದು ಆಮೇಲೆ ಬರುವವರೂ ಅದೇ ಗುಂಪಿನವರು ಎಂದೇ ತಿಳಿಯಿರಿ.

ಇನ್ನು ಮನೆಯ ಯಜಮಾನರಿಗೆ ಒಂದು ಮಾತು. ನಿಮ್ಮ ಖಾತೆಗಳು, ಠೇವಣಿಗಳು, ವಿಮೆ ಎಲ್ಲೆಲ್ಲಿವೆ ಎಂದು ಹೆಂಡತಿಗೂ ಮಕ್ಕಳಿಗೂ ಹೇಳಿ, ಒಂದು ಪುಸ್ತಕದಲ್ಲಿ ಬರೆದಿಡಿ. ನಾಮಿನಿ ಹೆಸರು ಸರಿ ಇದೆಯೋ ನೋಡಿಕೊಳ್ಳಿ, 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು. ಹಣದ ವಿಷಯ ಗಂಡಸರ ಗುಟ್ಟಾಗಿರುವ ಮನೆಗಳಲ್ಲೇ ಇಂಥ ಪತ್ರಗಳು ಗೆಲ್ಲುತ್ತವೆ.

ವಾರಸುದಾರರನ್ನು ಕಾಯುತ್ತಿರುವ ನಿಜವಾದ ಹಣವೂ ಇದೆ, ಅದು ಹತ್ತಿರದಲ್ಲೇ ಇದೆ. ಅಜ್ಜನ ಪೆಟ್ಟಿಗೆಯಲ್ಲಿ ವಿಜಯಾ ಬ್ಯಾಂಕಿನ ಪಾಸ್‌ಬುಕ್ ಸಿಕ್ಕಿದರೆ ಬ್ಯಾಂಕ್ ಆಫ್ ಬರೋಡಾದಲ್ಲಿ ಕೇಳಿ. ಕಾರ್ಪೊರೇಷನ್ ಬ್ಯಾಂಕ್ ಈಗ ಯೂನಿಯನ್ ಬ್ಯಾಂಕಿನಲ್ಲಿದೆ, ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಹೋದ ಮೇಲೂ ವಾರಸುದಾರರ ಹಕ್ಕು ಹೋಗುವುದಿಲ್ಲ, ಕೇಳಬೇಕಾದದ್ದು ಅದೇ ಬ್ಯಾಂಕಿನಲ್ಲಿ. 2023ರ ಆಗಸ್ಟ್‌ನಿಂದ ಉದ್ಗಮ್ ಎಂಬ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಹೆಸರು, ಜೊತೆಗೆ ಪ್ಯಾನ್, ಜನ್ಮದಿನಾಂಕ ಅಥವಾ ವಿಳಾಸ ಹಾಕಿ ಹುಡುಕಬಹುದು, ಫೀಸಿಲ್ಲ. ಅಂಚೆ ಕಚೇರಿಯ ಖಾತೆ, ಸಹಕಾರಿ ಸಂಘದ ಠೇವಣಿ ಅದರಲ್ಲಿ ಸಿಗುವುದಿಲ್ಲ. ಅವಕ್ಕೆ ಮರಣ ಪ್ರಮಾಣಪತ್ರ, ನಾಡಕಚೇರಿಯಲ್ಲಿ ಮಾಡಿಸಿದ ವಂಶವೃಕ್ಷ ಹಿಡಿದುಕೊಂಡು ಆಯಾ ಕಚೇರಿಗೇ ಹೋಗಬೇಕು.